ನರಮಂಡಲದ ಕಾಯಿಲೆಗಳು: ಹೆಸರುಗಳು ಮತ್ತು ಅವುಗಳ ಅರ್ಥ

ಪೀಠಿಕೆ

ಪುಣೆಯಿಂದ ಅಹಿಲ್ಯಾನಗರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಕ್ರಮಿಸಿದರೆ ರಾಂಜಣಗಾಂವ ದೊರೆಯುತ್ತದೆ. ಪುಣೆ ಜಿಲ್ಲೆಯ ಶಿರೂರ ತಾಲ್ಲೂಕಿಗೆ ಸೇರಿದ ಈ ಗ್ರಾಮವು ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ಮಹಾಗಣಪತಿ ದೇವಾಲಯದಿಂದ ಪ್ರಸಿದ್ಧವಾದುದು. ಇಂದು ಇದು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಒಂದು ದೊಡ್ಡ ಕೈಗಾರಿಕಾ ಪ್ರದೇಶವೂ ಹೌದು. ಕಲಬುರಗಿ, ವಿಜಯಪುರ, ಬೀದರ ಮೊದಲಾದ ಜಿಲ್ಲೆಗಳಿಂದ ಉದ್ಯೋಗವನ್ನರಸಿ ಪುಣೆ ಜಿಲ್ಲೆಗೆ ಬಂದ ಕನ್ನಡ ಕುಟುಂಬಗಳು ಮನೆಯಲ್ಲಿ ಕನ್ನಡವನ್ನೂ ಕೆಲಸದ ಸ್ಥಳದಲ್ಲಿ ಮರಾಠಿ ಅಥವಾ ಹಿಂದಿಯನ್ನೂ ಬಳಸುತ್ತವೆ. ಆಸ್ಪತ್ರೆಯಲ್ಲಿ ಇವುಗಳ ಜೊತೆಗೆ ಇಂಗ್ಲಿಷ್ ಸಹ ಸೇರಿಕೊಳ್ಳುತ್ತದೆ.

ಇಂಥ ಊರಿನ ಒಂದು ಬಾಡಿಗೆ ಕೋಣೆಯನ್ನು ಕಲ್ಪಿಸಿಕೊಳ್ಳೋಣ. ಬೆಳಗಿನ ಏಳು ಗಂಟೆಗೆ ಚಹಾ ಕುಡಿಯುತ್ತಿದ್ದ ಐವತ್ತು ವರ್ಷದ ಕಾರ್ಮಿಕನ ಬಲಗೈಯಿಂದ ಲೋಟ ಜಾರಿ ಬೀಳುತ್ತದೆ. ಕೈ ಮೇಲೇಳದು, ಮಾತು ತೊದಲುತ್ತದೆ. ಹೆಂಡತಿ ಗಾಬರಿಗೊಂಡು ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಬಂದ ಹಿರಿಯರು, "ನರ ಹಿಡಿದಿರಬೇಕು ವೈನಿ, ಎಣ್ಣಿ ಹಚ್ಚಿ ತಿಕ್ಕರಿ, ಸಂಜೀಕ ಆರಾಮ ಆಗ್ತದ" ಎಂದು ಸಮಾಧಾನ ಹೇಳುತ್ತಾರೆ. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೆ ಆ ಒಂದು ಪದವನ್ನು ನಂಬಿ ಸಂಜೆಯವರೆಗೆ ಕಾದರೆ, ಗುಣವಾಗಬಹುದಾಗಿದ್ದ ಕೈ ಮತ್ತೆ ಎಂದಿಗೂ ಏಳದಿರಬಹುದು.

ಕಾಯಿಲೆಯ ಹೆಸರು ಎಷ್ಟೋ ವೇಳೆ ನಮ್ಮ ಮುಂದಿನ ನಡೆಯನ್ನು ನಿರ್ಧರಿಸುತ್ತದೆ. ನರಮಂಡಲಕ್ಕೆ ಸಂಬಂಧಿಸಿದ ಮುಖ್ಯ ಪದಗಳನ್ನು ವಿವರಿಸಿ, ಅವು ಒಂದು ಭಾಷೆಯಿಂದ ಮತ್ತೊಂದಕ್ಕೆ ಹೋಗುವಾಗ ಅರ್ಥ ಬದಲಿಸುವ ಬಗೆಯನ್ನು ತೋರಿಸುವುದೇ ಈ ಪಾಠದ ಉದ್ದೇಶ.

ನರಮಂಡಲದ ರಚನೆ

ನರಮಂಡಲದಲ್ಲಿ ಎರಡು ಭಾಗಗಳಿವೆ. ಮಿದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರಮಂಡಲವೆನಿಸುತ್ತವೆ. ಅವುಗಳಿಂದ ಹೊರಟು ದೇಹದ ಎಲ್ಲೆಡೆ ಹರಡಿರುವ ನರಗಳು ಹೊರವಲಯದ ನರಮಂಡಲವೆನಿಸುತ್ತವೆ. ವಯಸ್ಕರ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋಗ್ರಾಂ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಅಂದಾಜು ಮಾಡಲಾಗಿದೆ. ಮಿದುಳಿನಿಂದ 12 ಜೊತೆ ನರಗಳೂ ಬೆನ್ನುಹುರಿಯಿಂದ 31 ಜೊತೆ ನರಗಳೂ ಹೊರಡುತ್ತವೆ.

ಬೆನ್ನುಹುರಿ ಮತ್ತು ಬೆನ್ನುಮೂಳೆ ಒಂದೇ ಅಲ್ಲ. ಬೆನ್ನುಮೂಳೆಯು ಎಲುಬಿನ ಕೊಳವೆ; ಅದರೊಳಗೆ ಸುರಕ್ಷಿತವಾಗಿರುವ ಸುಮಾರು 45 ಸೆಂಟಿಮೀಟರ್ ಉದ್ದದ ನರತಂತುಗಳ ಕಟ್ಟೇ ಬೆನ್ನುಹುರಿ. ಕನ್ನಡದ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಮಿದುಳುಬಳ್ಳಿ ಎಂಬ ಹೆಸರೂ ಉಂಟು. ಎತ್ತರದಿಂದ ಬಿದ್ದವನ ಬೆನ್ನುಮೂಳೆ ಮುರಿದಿದ್ದರೂ ಹುರಿ ಉಳಿದಿರಬಹುದು. ಅಂಥವನನ್ನು ಕೈಕಾಲು ಹಿಡಿದು ಎತ್ತಿ ಮಡಿಸಿ ಸಾಗಿಸಿದರೆ ಹುರಿಗೂ ಪೆಟ್ಟಾಗುವ ಅಪಾಯವಿದೆ. ಆದ್ದರಿಂದ ತಲೆ, ಕತ್ತು, ಬೆನ್ನು ಅಲುಗದಂತೆ ನೋಡಿಕೊಂಡು ಆಂಬುಲೆನ್ಸ್ ಸಿಬ್ಬಂದಿಗಾಗಿ ಕಾಯಬೇಕು.

ಮತ್ತೊಂದು ಸಂಗತಿ ಗಮನಾರ್ಹವಾದುದು. ಮಿದುಳಿನ ಎಡಭಾಗವು ದೇಹದ ಬಲಭಾಗವನ್ನೂ ಬಲಭಾಗವು ಎಡಭಾಗವನ್ನೂ ನಿಯಂತ್ರಿಸುತ್ತದೆ. ಬಹುಪಾಲು ಜನರಲ್ಲಿ ಮಾತಿನ ಕೇಂದ್ರಗಳು ಎಡ ಮಿದುಳಿನಲ್ಲಿವೆ. ಮೇಲಿನ ಉದಾಹರಣೆಯಲ್ಲಿ ಬಲಗೈ ಮತ್ತು ಮಾತು ಒಟ್ಟಿಗೆ ಕೆಟ್ಟುದು ಆಕಸ್ಮಿಕವಲ್ಲ. ತೊಂದರೆ ಇರುವುದು ಕೈಯಲ್ಲಲ್ಲ, ಎಡ ಮಿದುಳಿನಲ್ಲಿ ಎಂಬುದರ ಸೂಚನೆ ಅದು. ಕೈಯನ್ನು ಎಷ್ಟು ತಿಕ್ಕಿದರೂ ಮಿದುಳಿಗೆ ರಕ್ತ ದೊರೆಯದು.

'ನರ' ಎಂಬ ಪದ

ಕನ್ನಡದ ನರ, ತೆಲುಗಿನ ನರಮು, ತಮಿಳಿನ ನರಂಬು, ಮಲಯಾಳದ ಞರಂಬು ಇವೆಲ್ಲ ಒಂದೇ ಬೇರಿನ ಪದಗಳು. ಆಡುಮಾತಿನಲ್ಲಿ ಈ ಪದಕ್ಕೆ ವಿಸ್ತಾರವಾದ ಅರ್ಥವಿದೆ. ಕೈ ಮೇಲೆ ನೀಲಿಯಾಗಿ ಕಾಣುವ ರಕ್ತನಾಳವೂ 'ನರ', ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯೂ 'ನರ', ಉಳುಕಿದ ಮಾಂಸಖಂಡವೂ 'ನರ'. ವೈದ್ಯಶಾಸ್ತ್ರದಲ್ಲಿ ಮಾತ್ರ ನರವೆಂದರೆ ಮಿದುಳು ಮತ್ತು ಬೆನ್ನುಹುರಿಯ ಸಂದೇಶಗಳನ್ನು ಒಯ್ಯುವ ತಂತು. ಗ್ರೀಕ್ ಭಾಷೆಯ 'ನ್ಯೂರಾನ್' ಪದಕ್ಕೂ ಮೊದಲಿಗೆ ಸ್ನಾಯುರಜ್ಜು ಎಂಬ ಅರ್ಥವೇ ಇತ್ತು. ನರ ಎಂಬ ಅರ್ಥ ಬಂದುದು ಆಮೇಲೆ. ಆದುದರಿಂದ ಆಡುಮಾತಿನ ಈ ಸಂದಿಗ್ಧತೆ ಕನ್ನಡಿಗರ ದೋಷವೇನೂ ಅಲ್ಲ. ಆದರೆ ವೈದ್ಯರ ಮುಂದೆ "ನರದ ತೊಂದರೆ" ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಗಡಿಯನ್ನು ದಾಟಿದಾಗ ಈ ಸಂದಿಗ್ಧತೆ ಹೆಚ್ಚುತ್ತದೆ. ಮರಾಠಿಯಲ್ಲಿ 'ನರ' ಎಂದರೆ ಗಂಡು. ನಮ್ಮ ನರಕ್ಕೆ ಮರಾಠಿಯ ಶಾಸ್ತ್ರೀಯ ಪದ 'ಮಜ್ಜಾತಂತು', ನರಮಂಡಲಕ್ಕೆ 'ಮಜ್ಜಾಸಂಸ್ಥಾ'. ಕನ್ನಡಿಗರಿಗೆ ಮಜ್ಜೆ ಎಂದರೆ ಎಲುಬಿನೊಳಗಿನ ಮೃದು ಪದಾರ್ಥ. "ಮಜ್ಜಾತಂತೂಚಾ ಆಜಾರ" ಎಂದು ವೈದ್ಯರು ಹೇಳಿದಾಗ ಎಲುಬಿನ ರೋಗವೆಂದು ತಿಳಿಯುವುದು ಸಹಜ. ಗ್ರೀಕ್ ಭಾಷೆಯಲ್ಲೂ ಇಂಥದೇ ಸ್ಥಿತಿಯಿದೆ: 'ಮೈಲೋಸ್' ಎಂಬ ಪದಕ್ಕೆ ಅಸ್ಥಿಮಜ್ಜೆ, ಬೆನ್ನುಹುರಿ ಎಂಬ ಎರಡೂ ಅರ್ಥಗಳಿವೆ. ಆದ್ದರಿಂದಲೇ 'ಮೈಲೋಮಾ' ಅಸ್ಥಿಮಜ್ಜೆಯ ರೋಗ, 'ಮೈಲೈಟಿಸ್' ಬೆನ್ನುಹುರಿಯ ಉರಿಯೂತ.

'ಸ್ನಾಯು' ಪದವೂ ಹೀಗೆಯೇ. ಕನ್ನಡ ಮತ್ತು ಮರಾಠಿಗಳಲ್ಲಿ ಅದು ಮಾಂಸಖಂಡ. ಬಂಗಾಳಿಯಲ್ಲಿಯೂ ಹಿಂದಿಯ ಹಲವು ಬರಹಗಳಲ್ಲಿಯೂ ಅದು ನರ. ಕೇಂದ್ರ ಸರ್ಕಾರವು 1961ರಲ್ಲಿ ಸ್ಥಾಪಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಪಾರಿಭಾಷಿಕ ಶಬ್ದಾವಳಿ ಆಯೋಗದ ಹಿಂದಿ ಪದಾವಳಿಯಲ್ಲಿ ನರಕ್ಕೆ 'ತಂತ್ರಿಕಾ' ಎಂಬ ಪದವಿದೆ. ಸರ್ಕಾರಿ ಆಸ್ಪತ್ರೆಯ ಹಿಂದಿ ಫಲಕದಲ್ಲಿ ಈ ಪದವನ್ನು ಕಂಡರೆ ಅದು ನರರೋಗಕ್ಕೆ ಸಂಬಂಧಿಸಿದ್ದೆಂದು ತಿಳಿಯಬೇಕು.

ಪಾರ್ಶ್ವವಾಯು, ಪಕ್ಷಾಘಾತ, ಲಕ್ವ

ಪಾರ್ಶ್ವ ಎಂದರೆ ಮಗ್ಗುಲು. ಆಯುರ್ವೇದವು ದೇಹದ ಚಲನೆಯನ್ನು ವಾತ ಅಥವಾ ವಾಯುವಿಗೆ ಸಂಬಂಧಿಸುತ್ತದೆ. ಅದರಿಂದ ಚಲನೆ ಕೆಡುವ ಹಲವು ರೋಗಗಳ ಹೆಸರಿನಲ್ಲಿ ಈ ಪದ ಸೇರಿಕೊಂಡಿತು: ಪಾರ್ಶ್ವವಾಯು, ಧನುರ್ವಾಯು, ಕಂಪವಾತ. ಇದನ್ನು ಅರಿಯದೆ ಕೆಲವರು 'ಗಾಳಿ ಸೋಕಿದೆ' ಎಂದು ಭಾವಿಸಿ ಯಂತ್ರ ಕಟ್ಟಿಸಲು ಹೋಗುವುದುಂಟು. ಪಾರ್ಶ್ವವಾಯುವಿಗೆ ಹೊರಗಿನ ಗಾಳಿ ಕಾರಣವಲ್ಲ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಅಡ್ಡವಾಗುವುದು ಅಥವಾ ನಾಳ ಒಡೆದು ರಕ್ತ ಸೋರುವುದು ಇದಕ್ಕೆ ಕಾರಣ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಇವು ಅಪಾಯವನ್ನು ಹೆಚ್ಚಿಸುತ್ತವೆ.

ಪಕ್ಷಾಘಾತ ಎಂದರೆ ಒಂದು ಪಕ್ಕಕ್ಕೆ ಬಿದ್ದ ಪೆಟ್ಟು. ಇಂಗ್ಲಿಷಿನ 'ಸ್ಟ್ರೋಕ್' ಪದಕ್ಕೂ ಪೆಟ್ಟು ಎಂದೇ ಅರ್ಥ. ರೋಗವು ಹಠಾತ್ತಾಗಿ ಬಂದೆರಗುವುದನ್ನು ಎರಡೂ ಸೂಚಿಸುತ್ತವೆ. ಲಕ್ವ ಅರಬ್ಬೀ ಮೂಲದ ಪದ. ಯುನಾನಿ ವೈದ್ಯದಲ್ಲಿ ಲಕ್ವ ಎಂದರೆ ಮುಖ ಸೊಟ್ಟಗಾಗುವುದು; ಮೈಯ ಒಂದು ಪಾರ್ಶ್ವ ಬೀಳುವುದಕ್ಕೆ ಫಾಲಿಜ್ ಎಂಬ ಬೇರೆ ಪದವಿದೆ. ನಮ್ಮ ಜನ ಎರಡಕ್ಕೂ ಲಕ್ವ ಎನ್ನುತ್ತಾರೆ. ಇಲ್ಲೊಂದು ಗೊಂದಲವಿದೆ. ಮುಖದ ನರವೊಂದೇ ದುರ್ಬಲವಾಗುವ ಬೆಲ್ಸ್ ಪಾಲ್ಸಿ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಗುಣವಾಗುತ್ತದೆ. ಅಂಥವರು ನಾಟಿ ಔಷಧಿ ಸೇವಿಸಿದ್ದರೆ, ಲಕ್ವಕ್ಕೆ ಆ ಔಷಧಿಯೇ ಮದ್ದೆಂಬ ಕೀರ್ತಿ ಹಬ್ಬುತ್ತದೆ. ಆಮೇಲೆ ಮಿದುಳಿನ ಪಾರ್ಶ್ವವಾಯು ಆದವರನ್ನೂ ಅಲ್ಲಿಗೇ ಕರೆದೊಯ್ಯಲಾಗುತ್ತದೆ. ಒಂದೇ ಹೆಸರು ಎರಡು ರೋಗಗಳಿಗೆ ಸಲ್ಲುವುದರಿಂದ ಉಂಟಾಗುವ ನಷ್ಟವಿದು.

ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ಕೊಳವೆಯ ಮೂಲಕ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಯೂ ಇದೆ. ಮುಖ ಓರೆಯಾಗುವುದು, ಒಂದು ಕೈ ಕೆಳಗೆ ಜೋಲುವುದು, ಮಾತು ತೊದಲುವುದು ಈ ಮೂರರಲ್ಲಿ ಒಂದು ಹಠಾತ್ತಾಗಿ ಕಂಡರೂ 108ಕ್ಕೆ ಕರೆ ಮಾಡಬೇಕು. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಕೆಲವೇ ನಿಮಿಷಗಳಲ್ಲಿ ಲಕ್ಷಣ ಮಾಯವಾದರೂ ನಿರ್ಲಕ್ಷಿಸಬಾರದು. ಅದು ಮುಂದಿನ ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು. ರೋಗಿಗೆ ನೀರು, ಆಹಾರ ಅಥವಾ ಮನೆಯಲ್ಲಿರುವ ಮಾತ್ರೆಗಳನ್ನು ಕೊಡಬಾರದು.

ಅಪಸ್ಮಾರ, ಮೂರ್ಛೆ, ಫಿಟ್ಸ್

ಅಪಸ್ಮಾರ ಎಂಬ ಸಂಸ್ಕೃತ ಪದಕ್ಕೆ ಸ್ಮೃತಿ ತಪ್ಪುವುದು ಎಂದರ್ಥ. ನಟರಾಜನ ವಿಗ್ರಹದಲ್ಲಿ ಪಾದದಡಿ ಬಿದ್ದಿರುವ ಕುಬ್ಜನ ಹೆಸರೂ ಇದೇ. ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲಿ ಇದ್ದಕ್ಕಿದ್ದಂತೆ ಏರುಪೇರಾದಾಗ ಸೆಳೆತ ಬರುತ್ತದೆ; ಹಾಗೆ ಮತ್ತೆ ಮತ್ತೆ ಬರುವ ಪ್ರವೃತ್ತಿಯೇ ಅಪಸ್ಮಾರ. ಕನ್ನಡದಲ್ಲಿ ಇದನ್ನು ಮೂರ್ಛೆರೋಗವೆಂದೂ ಕರೆಯುವುದರಿಂದ ತೊಡಕೊಂದು ಹುಟ್ಟಿದೆ. ಹಸಿವು, ಬಿಸಿಲು, ಭಯಗಳಿಂದ ಎಚ್ಚರ ತಪ್ಪಿ ಬೀಳುವುದಕ್ಕೂ 'ಮೂರ್ಛೆ ಹೋದರು' ಎನ್ನುತ್ತೇವೆ. ಇವೆರಡೂ ಬೇರೆ ಬೇರೆ. ಮರಾಠಿಯಲ್ಲಿ ಸೆಳೆತಕ್ಕೆ 'ಆಕಡೀ' ಅಥವಾ 'ಫಿಟ್' ಎಂದೂ, ಎಚ್ಚರ ತಪ್ಪುವುದಕ್ಕೆ 'ಬೇಶುದ್ಧ' ಎಂದೂ ಹೇಳುತ್ತಾರೆ.

ಸೆಳೆತ ಬಂದವರ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ನಿರರ್ಥಕ. ಬಾಯೊಳಗೆ ಚಮಚ ತುರುಕುವುದು ಅಪಾಯಕರ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಸೆಳೆತ ನಿಂತೊಡನೆ ಮಗ್ಗುಲಾಗಿ ಮಲಗಿಸಬೇಕು. ಸೆಳೆತವು ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಬೇಕು. ನಮ್ಮ ದೇಶದಲ್ಲಿ ಅಪಸ್ಮಾರದ ಒಂದು ಮುಖ್ಯ ಕಾರಣ ಮಿದುಳಿನಲ್ಲಿ ಲಾಡಿಹುಳದ ಮರಿ ಕೋಶಕಟ್ಟುವುದು. ಅದರ ಮೊಟ್ಟೆಗಳು ಮಲಿನ ನೀರು, ತೊಳೆಯದ ತರಕಾರಿ ಮತ್ತು ಶುಚಿಯಿಲ್ಲದ ಕೈಗಳಿಂದ ದೇಹ ಸೇರುತ್ತವೆ. ಅಪಸ್ಮಾರವುಳ್ಳವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಸರಿಯಾದ ಚಿಕಿತ್ಸೆಯಿಂದ ಸೆಳೆತವಿಲ್ಲದೆ ಬಾಳಬಲ್ಲರು.

ಪದಗಳ ಗೊಂದಲ ಕಾನೂನಿಗೂ ತಟ್ಟಿತ್ತು. 1955ರ ಹಿಂದೂ ವಿವಾಹ ಕಾಯಿದೆಯ ವಿವಾಹದ ಷರತ್ತುಗಳಲ್ಲಿ ಬುದ್ಧಿವಿಕಲ್ಪದ ಜೊತೆಗೆ ಅಪಸ್ಮಾರವನ್ನೂ ಸೇರಿಸಲಾಗಿತ್ತು. 1999ರ ತಿದ್ದುಪಡಿಯಿಂದ ಅಪಸ್ಮಾರ ಎಂಬ ಪದವನ್ನು ತೆಗೆದುಹಾಕಲಾಯಿತು. ಆದುದರಿಂದ ಅಪಸ್ಮಾರವು ವಿವಾಹಕ್ಕೆ ಕಾನೂನಿನ ಅಡ್ಡಿಯಲ್ಲ. ಅದು ಬುದ್ಧಿಭ್ರಮಣೆಯೂ ಅಲ್ಲ.

ಜೋಮು, ಬಧಿರ, ಬವಳಿ

ಕಾಲು ಮಡಿಸಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದೆ. ಮರಾಠಿಗರು ಇದಕ್ಕೆ 'ಮುಂಗ್ಯಾ ಯೇಣೇ', ಅಂದರೆ ಇರುವೆ ಬರುವುದು ಎನ್ನುತ್ತಾರೆ; ನಾವೂ 'ಇರುವೆ ಹರಿದಂತೆ' ಎನ್ನುವುದುಂಟು. ಸ್ಪರ್ಶವೇ ತಿಳಿಯದಿರುವುದಕ್ಕೆ ಮರಾಠಿ ಪದ 'ಬಧೀರ'. ಕನ್ನಡದಲ್ಲಿ ಬಧಿರ ಎಂದರೆ ಕಿವುಡ! "ಪಾಯ ಬಧೀರ ಝಾಲಾ ಕಾ?" ಎಂದು ವೈದ್ಯರು ಕೇಳಿದಾಗ ಅದು ಕಿವಿಯ ಪ್ರಶ್ನೆಯಲ್ಲ, ಕಾಲಿನ ಸ್ಪರ್ಶದ ಪ್ರಶ್ನೆ. ಮಧುಮೇಹಿಗಳಿಗೆ ಪಾದದಲ್ಲಿ ಸ್ಪರ್ಶಜ್ಞಾನ ಕುಂದುವುದು, ಚರ್ಮದ ಮೇಲೆ ಸ್ಪರ್ಶ ತಿಳಿಯದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ ಮೂಡುವುದು ಇವನ್ನು ಕಡೆಗಣಿಸಬಾರದು. ಎರಡನೆಯದು ಕುಷ್ಠರೋಗದ ಲಕ್ಷಣವಾಗಿರಬಹುದು. ನರಗಳನ್ನು ಹಾನಿಗೊಳಿಸುವ ಈ ರೋಗವು ಔಷಧಿಯಿಂದ ಸಂಪೂರ್ಣ ಗುಣವಾಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಔಷಧಿ ಉಚಿತ.

ತಲೆಸುತ್ತಿಗೆ ಉತ್ತರ ಕರ್ನಾಟಕದ 'ಬವಳಿ' ಮತ್ತು ಮರಾಠಿಯ 'ಭೋವಳ' ಧ್ವನಿಯಲ್ಲೂ ಅರ್ಥದಲ್ಲೂ ಹತ್ತಿರದ ಪದಗಳು. 'ಚಕ್ಕರ' ಎಂಬುದು ಎಲ್ಲೆಡೆ ಬಳಕೆಯಲ್ಲಿದೆ. ಆದರೆ ಕೋಣೆಯೇ ತಿರುಗಿದಂತಾಗುವುದು, ಕಣ್ಣು ಕತ್ತಲಿಡುವುದು, ನಡೆಯುವಾಗ ಓಲಾಡುವುದು ಈ ಮೂರಕ್ಕೂ ಒಂದೇ ಪದ ಬಳಸಿದರೆ ವೈದ್ಯರಿಗೆ ಕಾರಣ ತಿಳಿಯುವುದು ಕಷ್ಟ. ಯಾವುದೆಂದು ಬಿಡಿಸಿ ಹೇಳಬೇಕು.

ಜಾಹೀರಾತುಗಳಲ್ಲಿ ಕಾಣುವ 'ನರದೌರ್ಬಲ್ಯ' ಎಂಬುದು ಯಾವುದೇ ಒಂದು ನಿರ್ದಿಷ್ಟ ರೋಗದ ಹೆಸರಲ್ಲ. ಆಯಾಸ, ಚಿಂತೆ, ಲೈಂಗಿಕ ಆತಂಕ ಎಲ್ಲವನ್ನೂ ಅದರಡಿ ತಂದು ಔಷಧಿ ಮಾರಲಾಗುತ್ತದೆ.

ಇಂಗ್ಲಿಷ್ ಹೆಸರುಗಳನ್ನು ಬಿಡಿಸುವ ಬಗೆ

ವೈದ್ಯರ ಚೀಟಿಯಲ್ಲಿ ಕಾಣುವ ಉದ್ದನೆಯ ಪದಗಳು ಹೆಚ್ಚಾಗಿ ಗ್ರೀಕ್ ತುಣುಕುಗಳ ಜೋಡಣೆ. 'ಎನ್‌ಸೆಫಲ್' ಎಂದರೆ ಮಿದುಳು, 'ಮೆನಿಂಜ್' ಎಂದರೆ ಮಿದುಳಿನ ಪೊರೆ, 'ನ್ಯೂರ್' ಎಂದರೆ ನರ. ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ, 'ಆಲ್ಜಿಯ' ಬಂದರೆ ನೋವು, 'ಪತಿ' ಬಂದರೆ ರೋಗ, 'ಪ್ಲೀಜಿಯ' ಬಂದರೆ ಚಲನೆಯ ನಷ್ಟ. ಆದುದರಿಂದ ಎನ್‌ಸೆಫಲೈಟಿಸ್ ಮಿದುಳಿನ ಉರಿಯೂತ. ಮೆನಿಂಜೈಟಿಸ್ ಮಿದುಳುಪೊರೆಯ ಉರಿಯೂತ. ನಮ್ಮ ಜನ ಎರಡನ್ನೂ 'ಮಿದುಳು ಜ್ವರ' ಎನ್ನುತ್ತಾರೆ. ಜ್ವರದೊಡನೆ ಕತ್ತು ಬಿಗಿಯುವುದು, ಮಂಪರು ಅಥವಾ ಸೆಳೆತ ಕಂಡರೆ ಎರಡೂ ತುರ್ತು ಸ್ಥಿತಿಗಳೇ. 'ಹೆಮಿಪ್ಲೀಜಿಯ' ಎಂದರೆ ದೇಹದ ಅರ್ಧಭಾಗ ಚಲಿಸದಿರುವುದು; 'ಪ್ಯಾರಾಪ್ಲೀಜಿಯ' ಎಂದರೆ ಎರಡೂ ಕಾಲುಗಳು ಚಲಿಸದಿರುವುದು. ಮೊದಲನೆಯದು ಬಹುತೇಕ ಮಿದುಳಿನ, ಎರಡನೆಯದು ಬಹುತೇಕ ಬೆನ್ನುಹುರಿಯ ತೊಂದರೆಯನ್ನು ಸೂಚಿಸುತ್ತದೆ.

'ಪೋಲಿಯೊಮೈಲೈಟಿಸ್' ಎಂದರೆ ಬೆನ್ನುಹುರಿಯ ಬೂದುಭಾಗದ ಉರಿಯೂತ. ಈ ಉದ್ದನೆಯ ಪದ ಲಸಿಕೆಯ ಮೂಲಕ ಹಳ್ಳಿ ಹಳ್ಳಿಗೂ 'ಪೋಲಿಯೊ' ಎಂದು ತಲುಪಿತು. ಆಗ್ನೇಯ ಏಷ್ಯಾ ವಲಯದ ದೇಶಗಳೊಡನೆ ಭಾರತವು ಪೋಲಿಯೊಮುಕ್ತವೆಂದು 2014ರ ಮಾರ್ಚ್ 27ರಂದು ಪ್ರಮಾಣೀಕೃತವಾಯಿತು. ಕೆಲವು ರೋಗಗಳಿಗೆ ವ್ಯಕ್ತಿಗಳ ಹೆಸರಿದೆ: 1817ರಲ್ಲಿ ನಡುಕದ ರೋಗವನ್ನು ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ ಅವರಿಂದ ಪಾರ್ಕಿನ್ಸನ್ ರೋಗ ಎಂಬ ಹೆಸರು ಬಂದಿತು. ಇದನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಲಾಗಿದೆ.

ಪದಗಳ ಪಟ್ಟಿ (ಕನ್ನಡ – ಮರಾಠಿ – ಇಂಗ್ಲಿಷ್)

ಮಿದುಳು – ಮೇಂದೂ – ಬ್ರೇನ್
ನರ – ಮಜ್ಜಾತಂತು – ನರ್ವ್
ರಕ್ತನಾಳ – ರಕ್ತವಾಹಿನೀ – ಬ್ಲಡ್ ವೆಸೆಲ್
ಬೆನ್ನುಹುರಿ – ಮಜ್ಜಾರಜ್ಜು – ಸ್ಪೈನಲ್ ಕಾರ್ಡ್
ಪಾರ್ಶ್ವವಾಯು – ಪಕ್ಷಾಘಾತ, ಅರ್ಧಾಂಗವಾಯು – ಸ್ಟ್ರೋಕ್
ಅಪಸ್ಮಾರ – ಅಪಸ್ಮಾರ – ಎಪಿಲೆಪ್ಸಿ
ಅರೆತಲೆನೋವು – ಅರ್ಧಶಿಶೀ – ಮೈಗ್ರೇನ್
ಧನುರ್ವಾಯು – ಧನುರ್ವಾತ – ಟೆಟನಸ್
ನಡುಕದ ರೋಗ – ಕಂಪವಾತ – ಪಾರ್ಕಿನ್ಸನ್

ವೈದ್ಯರಿಗೆ ಹೇಳಬೇಕಾದ ವಿಷಯಗಳು

ಪರಸ್ಥಳದಲ್ಲಿರುವ ರೋಗಿ ಅಥವಾ ಅವರ ಕಡೆಯವರು ರೋಗದ ಹೆಸರನ್ನು ಊಹಿಸಿ ಹೇಳುವುದಕ್ಕಿಂತ, ಕಂಡುದನ್ನು ಕಂಡಂತೆ ಹೇಳುವುದು ಉತ್ತಮ. ಹೇಳಬೇಕಾದ ವಿಷಯಗಳು ಐದು:

1. ತೊಂದರೆ ಎಷ್ಟು ಗಂಟೆಗೆ ಆರಂಭವಾಯಿತು. ರೋಗಿ ಕೊನೆಯ ಬಾರಿ ಸರಿಯಾಗಿದ್ದುದು ಎಷ್ಟು ಗಂಟೆಗೆ.
2. ದೇಹದ ಯಾವ ಭಾಗ. ಎಡವೋ ಬಲವೋ, ಒಂದೋ ಎರಡೂ ಬದಿಯೋ.
3. ಶಕ್ತಿಯಿಲ್ಲವೋ, ಸ್ಪರ್ಶವಿಲ್ಲವೋ, ನೋವಿದೆಯೋ.
4. ಮಾತು, ದೃಷ್ಟಿ, ಎಚ್ಚರ ಇವುಗಳಲ್ಲಿ ವ್ಯತ್ಯಾಸವಿತ್ತೋ.
5. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೆಳೆತ ಇವಕ್ಕೆ ಸೇವಿಸುತ್ತಿರುವ ಔಷಧಿಗಳಾವುವು. ಖಾಲಿ ಪೊಟ್ಟಣವಿದ್ದರೂ ಒಯ್ಯಬೇಕು.

ಮರಾಠಿಯ ಕೆಲವು ವಾಕ್ಯಗಳನ್ನು ಕಲಿತಿರುವುದು ಉಪಯುಕ್ತ. "ಏಕಾ ಬಾಜೂಚಾ ಹಾತ-ಪಾಯ ಚಾಲತ ನಾಹೀ" ಎಂದರೆ ಒಂದು ಬದಿಯ ಕೈಕಾಲು ಆಡುತ್ತಿಲ್ಲ. "ತೋಂಡ ವಾಕಡೇ ಝಾಲೇ" ಎಂದರೆ ಬಾಯಿ ಸೊಟ್ಟಗಾಗಿದೆ. "ಬೋಲತಾ ಯೇತ ನಾಹೀ" ಎಂದರೆ ಮಾತನಾಡಲು ಆಗುತ್ತಿಲ್ಲ. ವೈದ್ಯರು "ಹೇ ಕಧೀ ಸುರೂ ಝಾಲೇ?" ಎಂದರೆ ಇದು ಯಾವಾಗ ಶುರುವಾಯಿತು ಎಂದು ಕೇಳುತ್ತಿದ್ದಾರೆ. "ಸಕಾಳೀ ಸಾತ ವಾಜತಾ", ಬೆಳಗ್ಗೆ ಏಳು ಗಂಟೆಗೆ, ಎಂಬ ಉತ್ತರದಿಂದಲೇ ಚಿಕಿತ್ಸೆಯ ದಾರಿ ತೀರ್ಮಾನವಾಗುತ್ತದೆ.

ಉಪಸಂಹಾರ

ರಾಂಜಣಗಾಂವದ ಆ ಬಾಡಿಗೆ ಕೋಣೆಗೆ ಹಿಂತಿರುಗೋಣ. ಲೋಟ ಜಾರಿದಾಗ ಏಳು ಗಂಟೆ. 'ನರ ಹಿಡಿದಿದೆ' ಎಂಬ ಹೆಸರಿನ ಬದಲು 'ಬಲಗೈ ಏಳುತ್ತಿಲ್ಲ, ಮಾತು ತೊದಲುತ್ತಿದೆ, ಏಳಕ್ಕೆ ಶುರುವಾಯಿತು' ಎಂಬ ಮೂರು ಸಂಗತಿಗಳನ್ನು ಆ ಗೃಹಿಣಿ 108ಕ್ಕೆ ತಿಳಿಸಿದಳೆನ್ನೋಣ. ಹನ್ನೊಂದೂವರೆಯವರೆಗೆ ಅವಳಿಗೆ ಅವಕಾಶವಿದೆ. ಆ ಅವಧಿಯೊಳಗೆ ಪ್ರಯಾಣ, ಸ್ಕ್ಯಾನ್, ಚುಚ್ಚುಮದ್ದು ಎಲ್ಲವೂ ಆಗಬೇಕಾದುದರಿಂದ ಒಂದು ನಿಮಿಷವೂ ಹೆಚ್ಚಿನದಲ್ಲ. ಹಿರಿಯರ ಸಮಾಧಾನದ ಮಾತಿಗೆ ಬೆಲೆಯಿದೆ. ಆದರೆ ಆ ಸಮಾಧಾನವನ್ನು ಆಂಬುಲೆನ್ಸಿನಲ್ಲಿ ಜೊತೆಗೆ ಕುಳಿತು ಹೇಳುವುದು ಲೇಸು.

ಅಭ್ಯಾಸ

1. ಬೆನ್ನುಹುರಿ ಮತ್ತು ಬೆನ್ನುಮೂಳೆಗಳ ವ್ಯತ್ಯಾಸವನ್ನು ತಿಳಿಸಿರಿ.
2. ಮಜ್ಜಾ, ಬಧಿರ ಎಂಬ ಪದಗಳಿಗೆ ಕನ್ನಡ ಮತ್ತು ಮರಾಠಿಗಳಲ್ಲಿರುವ ಅರ್ಥಗಳನ್ನು ಬರೆಯಿರಿ.
3. ಸೆಳೆತ ಬಂದವರಿಗೆ ಮಾಡಬೇಕಾದ ಮತ್ತು ಮಾಡಬಾರದ ಉಪಚಾರಗಳಾವುವು?
4. ನಿಮ್ಮ ಮನೆಗೆ ಸಮೀಪದಲ್ಲಿ ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆ ಯಾವುದೆಂದು ವಿಚಾರಿಸಿ, ಅದರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಎಲ್ಲರಿಗೂ ಕಾಣುವ ಕಡೆ ಬರೆದಿಡಿರಿ.